ಉಜಿರೆಗೆ ಪ್ರಾಸ

ಬಿ.ಸಿ. ರೋಡಿನಲ್ಲಿ ಧರ್ಮಸ್ಥಳದ ಬಸ್ಸು ಹೊರಡುವ ಮೊದಲೇ ಮಾಲೀಕ ಅಬ್ದುಲ್ ನಾಸಿರ್ ಹತ್ತಿ ಕೊನೆಯ ಸೀಟಿನಲ್ಲಿ ಕುಳಿತರು. ಬೆಳ್ತಂಗಡಿಯ ತಂಗಿಯ ಮನೆಗೆಂದು ಕೊಂಡ ಹಲ್ವದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಕಂಡಕ್ಟರ್ ಜಿತೇಶನನ್ನು ಒಂದೇ ಬೆರಳಿನಿಂದ ಕರೆದರು.

"ಈ ವಾರ ಎಷ್ಟು ಜನರನ್ನು ಸ್ಟಾಪ್ ದಾಟಿಸಿದ್ದಿ ಮಾರಾಯ?"

"ಎಂಟು ಮಂದಿ, ನಾಸಿರಾಕ. ಒಂಬತ್ತನೆಯವರು ನಿದ್ದೆಯಲ್ಲಿದ್ದರು, ಅದು ನನ್ನ ಲೆಕ್ಕಕ್ಕಿಲ್ಲ."

"ಬೆಳ್ತಂಗಡಿವರೆಗೆ ನಾನು ಇಲ್ಲೇ ಕೂತಿರ್ತೇನೆ. ಇವತ್ತು ಒಬ್ಬರು ಸ್ಟಾಪ್ ದಾಟಿದರೂ ಅವರ ಜೊತೆ ನೀನೂ ಇಳಿ. ನಾಳೆಯಿಂದ ಬರುವುದೇ ಬೇಡ."

ಧಣಿಯ ಸಿಟ್ಟಿನಲ್ಲಿ ನ್ಯಾಯವಿತ್ತು. ಜಿತೇಶನ ದೇಹ ಬಸ್ಸಿನಲ್ಲಿದ್ದರೆ ಮನಸ್ಸು ಯಾವಾಗಲೂ ಎರಡು ಸ್ಟಾಪು ಹಿಂದೆ ಚಹಾ ಕುಡಿಯುತ್ತಿತ್ತು. ಅವನ ಕೃಪೆಯಿಂದ ಮಡಂತ್ಯಾರಿನಲ್ಲಿ ತಾಳಿ ಕಟ್ಟಬೇಕಿದ್ದ ಮದುಮಗನೊಬ್ಬ ಉಜಿರೆ ಮುಟ್ಟಿ, ಅಲ್ಲಿ ಬೇರೆ ಯಾರದೋ ಮದುವೆಯಲ್ಲಿ ಉಂಡು ಬಂದದ್ದು ಮೂರು ತಾಲೂಕಿಗೆ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ.

ಮಣಿಹಳ್ಳ ಹೇಗೋ ಕಳೆಯಿತು. ವಗ್ಗ ಬರುವಾಗ ಹೆದರಿಕೆಯಿಂದ ಅವನ ನಾಲಿಗೆ ಒಣಗಿ ಹಪ್ಪಳವಾಗಿತ್ತು. ಅಷ್ಟರಲ್ಲಿ ಅಲ್ಲಿ ಇಳಿಯಬೇಕಿದ್ದ ಪದ್ಮಾಕ್ಷಿಯಕ್ಕನ ಬಸಳೆ ಸೊಪ್ಪಿನ ಕಟ್ಟು ಬಿಚ್ಚಿಕೊಂಡಿತು. ಕಟ್ಟೆಂದರೆ ಸಣ್ಣದಲ್ಲ, ಅರ್ಧ ಹಿತ್ತಿಲೇ ಬಸ್ಸು ಹತ್ತಿದಂತಿತ್ತು. ಜಿತೇಶನ ಬಾಯಿಂದ ತಾನಾಗಿಯೇ ಹೊರಟಿತು:

"ವಗ್ಗ, ವಗ್ಗ, ವಗ್ಗ! ಬಿಚ್ಚಿತು ಬಸಳೆಯ ಹಗ್ಗ!"

ಬಸ್ಸು ನಕ್ಕ ರಭಸಕ್ಕೆ ಕಿಟಕಿಯ ಗಾಜುಗಳು ಸಡಿಲವಾದವು. "ಪೋಕ್ರಿ, ನನ್ನ ಬಸಳೆಗೆ ಪದ್ಯ ಕಟ್ತೀಯಾ?" ಎಂದು ಗದರುತ್ತಾ ಇಳಿದ ಪದ್ಮಾಕ್ಷಿಯಕ್ಕ, ಮುಂದಿನ ಸ್ಟಾಪಿಗೆ ಏನು ಹೇಳುತ್ತಾನೋ ಕೇಳಬೇಕೆಂದು ಬಸಳೆಯನ್ನು ಹೊತ್ತುಕೊಂಡೇ ಬಸ್ಸಿನ ಜೊತೆ ಅರ್ಧ ಫರ್ಲಾಂಗು ಓಡಿದರು.

ಅಲ್ಲಿಂದ ಮುಂದೆ ಜಿತೇಶ ಹಳೆಯ ಜಿತೇಶನಾಗಿ ಉಳಿಯಲಿಲ್ಲ. ಪ್ರಾಸ ಬೇಕೆಂದರೆ ಸಾಮಗ್ರಿ ಬೇಕು. ಸಾಮಗ್ರಿ ಬೇಕೆಂದರೆ ಒಬ್ಬೊಬ್ಬರ ಮುಖ, ಮಡಿಲು, ಚೀಲ, ಚಪ್ಪಲಿ ನೋಡಬೇಕು. ನೋಡಿದ್ದೇ ತಡ, ಯಾರು ಎಲ್ಲಿ ಇಳಿಯುವವರೆಂಬುದು ತಲೆಯಲ್ಲಿ ಮೊಳೆ ಹೊಡೆದಂತೆ ಕುಳಿತುಬಿಟ್ಟಿತು. ಒಂದು ಇರುವೆ ಟಿಕೆಟಿಲ್ಲದೆ ಹತ್ತಿದ್ದರೂ ಹಿಡಿದುಬಿಡುತ್ತಿದ್ದ.

"ಪುಂಜಾಲಕಟ್ಟೆ! ಮೇಷ್ಟ್ರದ್ದು ಬಿಳಿ ಬಟ್ಟೆ, ಪಕ್ಕದಲ್ಲೇ ಕೋಳಿಮೊಟ್ಟೆ!" ಮೇಷ್ಟ್ರು ಹಗ್ಗದ ಮೇಲೆ ನಡೆಯುವವರಂತೆ ಇಳಿದರು.

"ಮಡಂತ್ಯಾರು! ಇಳಿಯುವವರು ಯಾರು? ಬುತ್ತಿಯಿಂದ ಸೋರ್ತಾ ಉಂಟು ಸಾರು!" ಬುತ್ತಿಯೇ ತರದ ಮೂವರು ತಮ್ಮ ಚೀಲದ ತಳ ಮುಟ್ಟಿ ನೋಡಿಕೊಂಡರು.

"ಗುರುವಾಯನಕೆರೆ! ಮರೀಬೇಡಿ ಗೋಣಿಯ ಹೊರೆ, ಮರೆತರೆ ಮನೆಯಲ್ಲಿ ಬರೆ!"

"ನನ್ನ ಹೆಂಡತಿಯನ್ನು ಇವ ಎಲ್ಲಿ ನೋಡಿದ?" ಎನ್ನುತ್ತಾ ಗೋಣಿಯವನು ಇಳಿದ.

ನಗಬಾರದೆಂದು ಶಪಥ ಮಾಡಿ ಕುಳಿತಿದ್ದ ಧಣಿಗಳು ಪುಂಜಾಲಕಟ್ಟೆಯಲ್ಲಿ ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದರು. ಮಡಂತ್ಯಾರಿನಲ್ಲಿ ಅದರಿಂದಲೇ ಕಣ್ಣೀರು ಒರೆಸಿಕೊಂಡರು. ಗುರುವಾಯನಕೆರೆ ದಾಟುವಾಗ ತಮಗರಿವಿಲ್ಲದೆ ಪೆಟ್ಟಿಗೆ ಬಿಚ್ಚಿ ಅಕ್ಕಪಕ್ಕದವರಿಗೆ ಹಲ್ವ ಹಂಚುತ್ತಿದ್ದರು.

ಆಗ ಉಜಿರೆಯ ಕಾಲೇಜಿಗೆ ಹೊರಟಿದ್ದ ಮಿಸ್ರಿಯಾ ಬೆಂಕಿ ಹಚ್ಚಿದಳು. "ಅಣ್ಣ, ಇದೆಲ್ಲ ಸುಲಭದ್ದು. ಉಜಿರೆಗೆ ಹೇಳಿ ನೋಡುವ. ಅದಕ್ಕೆ ಪ್ರಾಸವೇ ಇಲ್ಲ!"

ಬಸ್ಸು ಎರಡು ಪಕ್ಷವಾಯಿತು. ಇದೆ ಎನ್ನುವವರು ಎಡಕ್ಕೆ, ಇಲ್ಲ ಎನ್ನುವವರು ಬಲಕ್ಕೆ ವಾಲಿ, ಬೆಳ್ತಂಗಡಿ ಬಂದರೂ ಒಬ್ಬರೂ ಏಳಲಿಲ್ಲ. ಜಿತೇಶ ಕೈಮುಗಿದ: "ಬೆಳ್ತಂಗಡಿ, ಬೆಳ್ತಂಗಡಿ! ನನ್ನ ಕೆಲಸ ಕಾಪಾಡಿ, ಇಳಿದು ಪುಣ್ಯ ಮಾಡಿ!" ಒಬ್ಬೊಬ್ಬರನ್ನೇ ಎಬ್ಬಿಸಿ, ಹತ್ತೊಂಬತ್ತು ಟಿಕೆಟಿಗೆ ಹತ್ತೊಂಬತ್ತು ತಲೆ ಇಳಿಸಿ, "ರೈಟ್, ಪೋಯಿ!" ಎಂದು ಬಸ್ಸು ಹೊರಡಿಸಿದ. ಧಣಿಗೆ ಟಿಕೆಟು ಎಲ್ಲಿಯದು? ಅವರ ತಲೆ ಲೆಕ್ಕಕ್ಕೆ ಸಿಗಲಿಲ್ಲ.

ಉಜಿರೆಯವರೆಗೆ ಜಿತೇಶನ ತುಟಿ ಹೊಲಿಗೆ ಯಂತ್ರದಂತೆ ಅಲುಗುತ್ತಿತ್ತು. ಪ್ರಾಸ ಸಿಗಲಿಲ್ಲ. ಬಸ್ಸು ನಿಂತಿತು. ಸಾಮಗ್ರಿಗಾಗಿ ಮುಂದಿನಿಂದ ಹಿಂದಿನವರೆಗೆ ಒಂದೊಂದೇ ಸೀಟು ಹುಡುಕುತ್ತಾ ಬಂದ ಅವನ ಕಣ್ಣು ಕೊನೆಯ ಸೀಟಿಗೆ ಬಂದು ಕಲ್ಲಾಯಿತು. ಖಾಲಿ ಪೆಟ್ಟಿಗೆ ತಬ್ಬಿಕೊಂಡು, ಮುಂದಕ್ಕೆ ಬಾಗಿ, ಬಾಯಿ ತೆರೆದು ಕಾಯುತ್ತಿದ್ದರು ಅಬ್ದುಲ್ ನಾಸಿರ್.

"ಉಜಿರೆ... ಉಜಿರೆ..." ಎಂದ ಜಿತೇಶ. ಹೇಳಿದರೆ ಕೆಲಸ ಹೋಗುತ್ತಿತ್ತು. ಆದರೆ ಬಂದ ಪ್ರಾಸವನ್ನು ನುಂಗುವುದುಂಟೇ? "ಬೆಳ್ತಂಗಡಿಯ ಧಣಿಗಳು ಇಲ್ಲೂ ಹಾಜರೇ?"

ಆ ನಗು ಚಾರ್ಮಾಡಿ ಘಾಟಿ ಹತ್ತಿ ಆಚೆ ಇಳಿದಿರಬೇಕು. ಎಲ್ಲರಿಗಿಂತ ಜೋರಾಗಿ ನಕ್ಕವರು ಧಣಿಗಳೇ. ನಗುತ್ತಾ ಕಿಟಕಿಯ ಹೊರಗೆ ನೋಡಿದರು. ತೆರೆದ ಬಾಯಿ ಹಾಗೆಯೇ ನಿಂತಿತು.

ಜಿತೇಶ ಹೆಗಲಿನ ಚೀಲ ತೆಗೆದ. "ನಾಸಿರಾಕ, ಒಬ್ಬರು ಸ್ಟಾಪ್ ದಾಟಿದ್ದಾರೆ. ನಾನು ಇಲ್ಲೇ ಇಳಿಯುವುದಾ?"

"ಮತ್ತೆ? ಮಾತೆಂದರೆ ಮಾತು. ಇಳಿ." ಧಣಿಗಳು ಗಂಟಲು ಸರಿಮಾಡಿಕೊಂಡರು. "ಇಳಿಯುವ ಮೊದಲು ಧರ್ಮಸ್ಥಳಕ್ಕೆ ಎಂತ ಪ್ರಾಸ ಉಂಟು, ಅದೊಂದು ಹೇಳಿ ಹೋಗು."

"ಅದು ಇಲ್ಲಿ ಬರುವುದಿಲ್ಲ ನಾಸಿರಾಕ. ಅಲ್ಲಿಗೇ ಹೋಗಬೇಕು."

ಧಣಿಗಳು ಒಂದು ಕ್ಷಣ ಜಿತೇಶನನ್ನು ನೋಡಿದರು, ಒಂದು ಕ್ಷಣ ರಸ್ತೆಯನ್ನು. "ಹಾಗಾದರೆ ವಿಸಿಲ್ ಹೊಡಿ ಮಾರಾಯ, ಎಂತ ನೋಡ್ತೀ!"

ಮೆಟ್ಟಿಲಿಗೆ ಒಂದು ಕಾಲು ಇಳಿಸಿದ್ದ ಮಿಸ್ರಿಯಾ ಆ ಕಾಲನ್ನು ಮೆಲ್ಲನೆ ಮೇಲಕ್ಕೆ ಎಳೆದುಕೊಂಡಳು.