ಅವ್ವನ ಒಸಡು

ಲವಂಗದ ಎಣ್ಣೆಯ ವಾಸನೆ ಬಂದರೆ ಈಗಲೂ ನಾನು ಹೊಳೆನರಸೀಪುರದ ಹಲ್ಲಿನ ಡಾಕ್ಟರ ಮುಂದೆ, ಅವ್ವನ ಪಕ್ಕ ಕೂತಿರುತ್ತೇನೆ.

ಅವ್ವನ ಒಸಡಿನಿಂದ ವರ್ಷಗಟ್ಟಲೆ ರಕ್ತ ಬರುತ್ತಿತ್ತು. ಇದ್ದಿಲಿನಿಂದ ಹಲ್ಲುಜ್ಜಿ, ಉಗಿದದ್ದರ ಮೇಲೆ ನೀರು ಸುರಿದುಬಿಡುತ್ತಿದ್ದಳು. ಅಂದು ಡಾಕ್ಟರು ಮುಟ್ಟಿದೊಡನೆ ಅವಳ ಮುಂದಿನ ಹಲ್ಲುಗಳು ಅಲುಗಾಡಿದವು.

"ಹಲ್ಲು ಹುಳುಕಾಗಿಲ್ಲಮ್ಮ, ಹಿಡ್ಕೊಳ್ಳೋ ಒಸಡೇ ಸವೆದುಹೋಗಿದೆ. ರಕ್ತ ಕಂಡಾಗ್ಲೇ ಬಂದು ಕ್ಲೀನ್ ಮಾಡಿಸಿದ್ರೆ ಉಳೀತಿತ್ತು."

"ನೋಯ್ತಿರ್ಲಿಲ್ಲ ಸಾ, ಅದ್ಕೇ ಸುಮ್ಕಿದ್ದೆ," ಎಂದಳು ಅವ್ವ.

ಇಂಜೆಕ್ಷನ್ ಕೊಟ್ಟು ಮುಂದಿನ ಹಲ್ಲುಗಳನ್ನೆಲ್ಲ ಕಿತ್ತರು. ಬಸ್ಸಿನಲ್ಲಿ ಅವಳು ಹತ್ತಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ನನಗೆ ಅಳು ಬರಲಿಲ್ಲ.

ಮನೆಗೆ ಬಂದವಳೇ ನನ್ನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಮರಗಟ್ಟಿದ ಬಾಯಲ್ಲಿ ತೊದಲುತ್ತಾ, "ಬಾಯ್ ತಗಿ ಮಗಾ," ಎಂದಳು. ನನ್ನ ಒಸಡನ್ನು ಉದ್ದಕ್ಕೂ ಒತ್ತಿದಳು. ಆಮೇಲೆ ಆ ಬೆರಳನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.