ಜಮಖಾನೆಯ ಜುಮಕಿ

ಮಗ್ಗದ ಮೇಲೆ ಜುಮಕಿ ಮೂಡಿದ್ದನ್ನು ಮೊದಲು ಕಂಡವನು ಬೆಕ್ತಾಶ್. ಹೊಲದಿಂದ ಬಂದು ಬೂಟು ಬಿಚ್ಚುತ್ತಿದ್ದವನು ಒಂಟಿ ಬೂಟಿನಲ್ಲೇ ನಿಂತು ಮಗಳನ್ನು ಕೂಗಿದ.

"ಎಲ್ವಾನ್! ಅಂತೂ ಮನಸ್ಸಾಯ್ತೇನೇ ನನ್ನ ಚಿನ್ನ?"

ಹಿಟ್ಟು ನಾದುತ್ತಿದ್ದ ಎಲ್ವಾನ್ ಅದೇ ಕೈಯಲ್ಲಿ ಓಡಿಬಂದಳು. ಅರ್ಧ ನೇಯ್ದ ಜಮಖಾನೆಯ ಕೆಂಪಿನ ನಡುವೆ ಒಂದು ಜೊತೆ ಹಳದಿ ಜುಮಕಿ! ಕೋನ್ಯಾ ಕಡೆಯ ಆ ಊರಿನಲ್ಲಿ ಮದುವೆ ಬೇಕೆಂದು ಬಾಯಿಬಿಟ್ಟು ಹೇಳುವ ಹೆಣ್ಣು ಬಾಯಿಬಡುಕಿ. ಜುಮಕಿ ನೇಯ್ದು ಸುಮ್ಮನಿರುವವಳು ಜಾಣೆ. ಉಳಿದದ್ದು ಮನೆಯವರು ತಿಳಿದುಕೊಳ್ಳಬೇಕು.

"ಅಪ್ಪಾ, ನಾನಲ್ಲ! ಆಣೆಗೂ ನಾನಲ್ಲ!"

"ನಿಮ್ಮಮ್ಮನೂ ಆಗ ಹೀಗೇ ಅಂದಿದ್ಲಂತೆ, ಅವಳ ಮಣ್ಣು ತಂಪಾಗಿರಲಿ. ಗಿರಣಿಯವನ ಮಗ ತಾನೇ? ಈಗಲೇ ಹೇಳಿ ಕಳಿಸ್ತೀನಿ."

ಎಲ್ವಾನ್ ಹಿಟ್ಟಿನ ಕೈಯಲ್ಲೇ ಅಪ್ಪನ ತೋಳು ಹಿಡಿದಳು. ಗಿರಣಿಯವನ ಮಗ ನಕ್ಕರೆ ಊರ ಕತ್ತೆಗಳೆಲ್ಲ ಉತ್ತರ ಕೊಡುತ್ತವೆ. ಅವನ ಜೊತೆ ಬಾಳುವೆಯೇ? ಹಾಗಾದರೆ ಈ ಜುಮಕಿ ನೇಯ್ದವರು ಯಾರು? ಮನೆಯಲ್ಲಿರುವುದೇ ಮೂರು ಜನ. ಅವಳು ಮೆಲ್ಲಗೆ ಮೂಲೆಯತ್ತ ತಿರುಗಿದಳು. ಅಲ್ಲಿ ಅಪ್ಪನ ತಾಯಿ, ಅರವತ್ತೆಂಟರ ಹೂರಿ ಅಜ್ಜಿ, ನೂಲುಂಡೆ ಸುತ್ತುತ್ತಿದ್ದಳು. ಉಂಡೆ ಬರಬರುತ್ತ ಬುಗುರಿಯಂತೆ ತಿರುಗುತ್ತಿತ್ತು. ಕೊನೆಗೆ ಆ ಉಂಡೆ ಹಾರಿಬಂದು ಬೆಕ್ತಾಶನ ಬೆನ್ನಿಗೆ ಬಡಿಯಿತು.

"ಕತ್ತೆ ಮಗನೇ! ಅಂದ್ರೆ ನಾನೇ ಕತ್ತೆ ಆಗ್ತೀನಿ, ಆಗಲಿ ಬಿಡು. ಹುಟ್ಟಿದಾಗಿಂದ ನನ್ನ ನೇಯ್ಗೆ ಮೇಲೇ ಹೊರಳಾಡಿದ್ದೀಯ, ಕೈಗುರುತು ಸಿಗಲ್ವೇನೋ? ಇವಳು ನೇಯ್ದದ್ದರಲ್ಲಿ ಹಿಟ್ಟು ಜರಡಿ ಹಿಡೀಬಹುದು. ಮುಟ್ಟಿ ನೋಡು!"

ಬೆಕ್ತಾಶ್ ಜುಮಕಿಯ ಮೇಲೆ ಹೆಬ್ಬೆರಳು ಆಡಿಸಿದ. ಉಗುರು ಇಳಿಯದಷ್ಟು ಬಿಗಿ. ಬೆರಳು ಅಲ್ಲೇ ನಿಂತಿತು.

"ಅವ್ವಾ... ನೀನಾ?"

"ಹೌದು, ನಾನೇ. ನಿಮ್ಮಪ್ಪ ಹೋಗಿ ಹದಿನಾಲ್ಕು ವರ್ಷ ಆಯ್ತು. ಆಡುಗಳ ಜೊತೆ ಮಾತಾಡಿ ಸಾಕಾಗಿದೆ ನನಗೆ. ಅವೂ ಈಗ ಮುಖ ತಿರುಗಿಸ್ತವೆ."

ನಗು ತಡೆಯಲು ಬಾಯಿಗೆ ಕೈ ಒತ್ತಿದ ಎಲ್ವಾನಳಿಗೆ ಹಿಟ್ಟಿನ ಮೀಸೆ ಮೂಡಿತು. ಆದರೆ ಅಜ್ಜಿ ನಗುತ್ತಿರಲಿಲ್ಲ. ಬೆಕ್ತಾಶ್ ಮಗ್ಗದ ಬದಿಯ ಕತ್ತರಿ ಎತ್ತಿಕೊಂಡದ್ದನ್ನೇ ನೋಡುತ್ತಿದ್ದಳು. ಒಂದೇ ಒಂದು ಕಚಕ್ ಸಾಕು, ಜುಮಕಿಯೂ ಇಲ್ಲ, ಅದರ ಹಿಂದಿನ ಆಸೆಯೂ ಇಲ್ಲ.

ಬೆಕ್ತಾಶ್ ಬಗ್ಗಿ, ಜುಮಕಿಯ ಅಂಚಿನಲ್ಲಿ ಹೊರಗೆ ಚಾಚಿದ್ದ ಒಂದೆಳೆಯನ್ನು ನಾಜೂಕಾಗಿ ಕತ್ತರಿಸಿ, ಕತ್ತರಿ ಕೆಳಗಿಟ್ಟ.

"ಯಾರವ್ವಾ ಅವನು?"

ಊರ ಮುಖ್ಯಸ್ಥನಿಗೂ ತಲೆ ತಗ್ಗಿಸದ ಹೂರಿ ಅಜ್ಜಿ ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು. "ಅದನ್ನ ನಾನು ಹೇಗೆ ಹೇಳಲಿ? ನಾಚಿಕೆಯಾಗುತ್ತಪ್ಪ. ಇವಳನ್ನ ಕೇಳು."

"ನೂಲಿಗೆ ಬಣ್ಣ ಹಾಕೋ ದುರ್ಸುನ್ ಅಜ್ಜ!" ಎಲ್ವಾನ್ ಕುಣಿದೇಬಿಟ್ಟಳು. "ಅದಕ್ಕೇ ಅಪ್ಪಾ, ಕೇಳದೆ ಇದ್ರೂ ಪ್ರತಿ ಶುಕ್ರವಾರ ಹಳದಿ ನೂಲು ತಂದುಕೊಡ್ತಾನೆ!"

ಬೆಕ್ತಾಶ್ ಟೋಪಿ ಸರಿಮಾಡಿಕೊಂಡ. ಮೀಸೆ ತಿರುವಿದ. ಹೆಣ್ಣು ಹೆತ್ತ ತಂದೆಯ ಗತ್ತು ಅವನ ಮುಖಕ್ಕೆ ತಾನಾಗಿ ಬಂದು ಕೂತಿತು.

"ಹಾಗಾದ್ರೆ ಅವರ ಕಡೆಯವರೇ ಮೊದಲು ಬಂದು ಕೇಳಲಿ. ನಮ್ಮನೆ ಹೆಣ್ಣೇನು ಬೀದೀಲಿ ಬಿದ್ದಿಲ್ಲ."