ಒಂದು ಗೇಣೂ ಬಿಡದೆ

ಜಟ್ಟಪ್ಪ ಕತ್ತಿ ಬೀಸಿದ ರಭಸಕ್ಕೆ ಮತ್ತಿಮರದ ಕೊಂಬೆ ಒಂದೇ ಏಟಿಗೆ ಕೆಳಗೆ ಬಿತ್ತು. "ಎಳಿ, ಬೇಗ ಎಳಿ," ಎಂದು ಮರದ ಮೇಲಿಂದಲೇ ಹೆಂಡತಿ ಕಲಾವತಿಗೆ ಗದರಿದ. ನಿನ್ನೆಯಿಂದ ಇಬ್ಬರೂ ಸೊಪ್ಪು ಕಡಿದು ಹಾಸುತ್ತಲೇ ಇದ್ದರು. ವಿಮಾನ ಹನ್ನೊಂದು ಗಂಟೆಗೆ ಬರುತ್ತದೆ. ಅಷ್ಟರೊಳಗೆ ಅರ್ಧ ಎಕರೆ ಗದ್ದೆ ಕಾಡಾಗಬೇಕಿತ್ತು.

ಹಿಲ್ಲೂರಿನ ಆ ಗದ್ದೆ ಸರ್ಕಾರದ ದಾಖಲೆಯಲ್ಲಿ ಗದ್ದೆಯೇ ಅಲ್ಲ, ಅರಣ್ಯ. ಅಪ್ಪ ಕಾಡು ಸವರಿ, ಸಮ ಮಾಡಿ ಭತ್ತ ಬೆಳೆದ ನೆಲ. ಕಾಗದ ಅಂತ ಒಂದು ಚೂರೂ ಇಲ್ಲ. ಮೇಲಿನವರ ಕಣ್ಣಿಗೆ ಬಿದ್ದರೆ ಮೊದಲು ಕೇಸು, ಆಮೇಲೆ ಒಕ್ಕಲೆಬ್ಬಿಸುವುದು.

ಆ ಕಣ್ಣು ಆಕಾಶದಿಂದಲೇ ಬರುತ್ತದೆಂದು ತಿಳಿದದ್ದು ಹಿಂದಿನ ವಾರ. ಅದು 2005ರ ನವೆಂಬರ್. ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಕಾರವಾರದಿಂದ ಸರ್ವೆಯ ಗುರುಪ್ರಸಾದ ಬಂದು ಬಯಲಲ್ಲಿ ಬಿಳಿ ಬಟ್ಟೆ ಹಾಸಿದ. ಮುಂದಿನ ವಾರ ವಿಮಾನದಿಂದ ಫೋಟೋ ತೆಗೆಯುವಾಗ ಗುರುತಿಗಂತೆ. ಜಟ್ಟಪ್ಪ ಅವನ ಮೇಲೆ ನಾಯಿ ಬಿಟ್ಟ. ಪ್ಯಾಂಟು ಹರಿದುಕೊಂಡ ಗುರುಪ್ರಸಾದ ಬೇಲಿಯ ದಣಪೆ ಹತ್ತಿ ನಿಂತ.

"ನಾವು ಗಿಡಮರದ ಲೆಕ್ಕದವರು, ನಿಮ್ಮ ಮೇಲೆ ಕೇಸು ಹಾಕುವವರಲ್ಲ. ಈ ಕ್ಯಾಮೆರಾ ನೋಡುವುದು ಎಲೆಯಲ್ಲಿ ಜೀವ ಇದೆಯೋ ಇಲ್ಲವೋ ಅನ್ನುವುದನ್ನು."

"ಜೀವ ಇದ್ದದ್ದು, ಹೋದದ್ದು ನೋಡುಕೆ ನೀವೆಂತ ಯಮಧರ್ಮನಾ? ನಡೀರಿ ಇಲ್ಲಿಂದ!"

ಜಟ್ಟಪ್ಪನಿಗೆ ಸರ್ವೆಯವರ ಮೇಲಿದ್ದದ್ದು ಬರೀ ಸಿಟ್ಟು. ಹೊಟ್ಟೆಯೊಳಗಿನ ದ್ವೇಷವೆಲ್ಲ ಕೆಳಗಿನ ಗದ್ದೆಯ ಬೊಮ್ಮಯ್ಯನಿಗೆ ಮೀಸಲು. ಬೊಮ್ಮಯ್ಯ ಚಿಕ್ಕಪ್ಪನ ಮಗ. ಇಬ್ಬರ ಗದ್ದೆಗಳ ನಡುವೆ ಎಂಟು ಮಾರು ಅಗಲದ ಒಂದು ತುಂಡು ನೆಲ, ಅದರ ಕೆಳಗಿನ ಅಂಚಿಗೊಂದು ಒರತೆ. ಬೇಸಿಗೆಯಲ್ಲೂ ಬತ್ತದ ನೀರು. ಒರತೆ ಇದ್ದವನಿಗೆ ಎರಡು ಬೆಳೆ, ಇಲ್ಲದವನಿಗೆ ಒಂದೇ. ಅಪ್ಪಂದಿರು ಗಡಿಕಲ್ಲು ನೆಡದೆ ಸತ್ತರು. ಹನ್ನೆರಡು ವರ್ಷದಿಂದ ಮಕ್ಕಳು ಅದು ನನ್ನದು, ನನ್ನದು ಎಂದು ತಲೆ ಒಡೆದುಕೊಳ್ಳುತ್ತಿದ್ದರು. ಜಟ್ಟಪ್ಪನ ಹಣೆಯ ಮೇಲಿನ ಹೊಲಿಗೆ ಬೊಮ್ಮಯ್ಯನ ಗುದ್ದಲಿಯದು.

ಸೊಪ್ಪು ಹಾಸುತ್ತ ಆ ತುಂಡಿನ ಹತ್ತಿರ ಬಂದಾಗ ಜಟ್ಟಪ್ಪ ನಿಂತ.

"ಒರತೆ ಬದಿಗೆ ಹಾಕುದಿಲ್ವಾ?" ಕಲಾವತಿ ಕೇಳಿದಳು.

"ಇಲ್ಲ. ಇವತ್ತು ಅದು ಅಂವಂದೇ ಆಗ್ಲಿ. ವಿಮಾನಕ್ಕೆ ಅಂವನ ಗದ್ದೆ, ಈ ತುಂಡು, ಎರಡೂ ಬತ್ತಲೆ ಕಾಣ್ಲಿ. ಕೇಸು ಬಿದ್ರೆ ಇಡೀ ಅಂವನ ತಲೆ ಮೇಲೇ ಬೀಳ್ಲಿ."

"ಎಂತಾ ಬುದ್ಧಿ ನಿಮ್ದು! ಬೇಡ, ನನ್ನ ಮಾತು ಕೇಳಿ."

ಕೇಳುವ ಜಾಯಮಾನ ಅವನದಲ್ಲ. ಈ ಗೂಟದಿಂದ ಆ ಗೂಟಕ್ಕೆ ಹಗ್ಗ ಕಟ್ಟಿ, ಹಗ್ಗದ ಗುಂಟ ಸೊಪ್ಪು ಜೋಡಿಸಿದ. ಆಚೆ ಬಿದ್ದ ಒಂದು ಕೊಂಬೆಯನ್ನೂ ಈಚೆಗೆ ಎಳೆದುಕೊಂಡ. ಬೊಮ್ಮಯ್ಯ ಕೆಳಗೆ ಕೈಕಟ್ಟಿ ನಿಂತು ಎಲ್ಲ ನೋಡುತ್ತಿದ್ದ.

"ಜಟ್ಟಣ್ಣ, ಗದ್ದೆಗೆ ಸೀರೆ ಉಡ್ಸ್ತೇ ಇದ್ಯಾ?"

"ನಾಳೆ ನೀ ಬತ್ತಲೆ ನಿಲ್ತೆ ನೋಡು," ಎಂದ ಜಟ್ಟಪ್ಪ. ಹನ್ನೆರಡು ವರ್ಷದಲ್ಲಿ ಅವರು ಬಡಿದಾಡದೆ ಆಡಿದ ಮಾತು ಅದೊಂದೇ.

ಅಂದು ಮೋಡ ಕವಿಯಿತು. ವಿಮಾನ ಬರಲಿಲ್ಲ. ಬಂದದ್ದು ನಾಲ್ಕನೆಯ ದಿನ. ಸೊಪ್ಪು ತುಸು ಬಾಡಿದ್ದರೂ ನೋಡುವವರ ಕಣ್ಣಿಗೆ ಹಸಿರು ಹಸಿರೇ ಆಗಿತ್ತು. ಪುಟ್ಟ ವಿಮಾನ ಗುಡ್ಡದ ಮೇಲೆ ಎರಡು ಸಲ ಹೋಗಿ ಬಂದು ಮರೆಯಾಯಿತು. ಜಟ್ಟಪ್ಪ ಆಕಾಶದ ಕಡೆ ಉಗಿದು ಮನೆಗೆ ಹೋದ. ಕೇಸು ಅವನ ಮೇಲೂ ಬೀಳಲಿಲ್ಲ, ಬೊಮ್ಮಯ್ಯನ ಮೇಲೂ ಬೀಳಲಿಲ್ಲ. ಎರಡನೆಯದು ಅವನಿಗೆ ಬಹಳ ದಿನ ಚುಚ್ಚುತ್ತಿತ್ತು.

ನಾಲ್ಕು ವರ್ಷದಲ್ಲಿ ಕಾಲ ತಿರುಗಿತು. ಅರಣ್ಯದ ನೆಲ ಉಳುವವರಿಗೆ ಹಕ್ಕು ಕೊಡುವ ಕಾನೂನು ಬಂತು. ಆದರೆ 2005ರ ಡಿಸೆಂಬರಿಗೆ ಮೊದಲೇ ಸಾಗುವಳಿ ಇತ್ತೆಂದು ತೋರಿಸಬೇಕು. ಜಟ್ಟಪ್ಪ ಅರ್ಜಿ ಕೊಟ್ಟ, ಒರತೆಯನ್ನೂ ಸೇರಿಸಿ. ಬೊಮ್ಮಯ್ಯನೂ ಕೊಟ್ಟ, ಒರತೆಯನ್ನೂ ಸೇರಿಸಿ. ವಿಚಾರಣೆಗೆ ಇಬ್ಬರನ್ನೂ ಅಂಕೋಲೆಗೆ ಕರೆದರು. ಅಲ್ಲಿ ಮೇಜಿನ ಮೇಲೆ ಸುರುಳಿ ಸುತ್ತಿದ ದೊಡ್ಡ ಫೋಟೋ ಇಟ್ಟುಕೊಂಡು ಕೂತಿದ್ದವನು ಗುರುಪ್ರಸಾದ.

ಜಟ್ಟಪ್ಪನಿಗೆ ಅಂದಿನ ವಿಮಾನ ನೆನಪಾಯಿತು. ಆ ಫೋಟೋದಲ್ಲಿ ತನ್ನ ಗದ್ದೆ ಇಲ್ಲ, ಕಾಡಿದೆ. ಆ ಕಾಡು ಮಾಡಿದವನು ತಾನೇ. ಅಪ್ಪ ಬೆವರು ಸುರಿಸಿದ ನೆಲವನ್ನು ಕೈಯಾರೆ ಕಳೆದೆನಲ್ಲಾ ಎಂದುಕೊಂಡ. ಸುರುಳಿ ಬಿಚ್ಚುವ ಮೊದಲೇ ಎದ್ದು ಕೈಮುಗಿದ.

"ಸಾಹೇಬ್ರೆ, ಅದ್ರಲ್ಲಿ ಕಾಡು ಕಂಡ್ರೆ ನಂಬಬೇಡಿ. ಅದು ನಾನೇ ಹಾಸಿದ ಸೊಪ್ಪು. ಹೆದ್ರಿ ಮುಚ್ಚಿದ್ದೆ. ನಂದು ಎಷ್ಟಿತ್ತೋ ಅಷ್ಟೂ ಮುಚ್ಚಿದ್ದೆ, ಒಂದು ಗೇಣೂ ಬಿಡ್ಲಿಲ್ಲ. ಭೂಮಿತಾಯಿ ಆಣೆ."

"ಬರೆದುಕೊಳ್ಳಿ," ಎಂದರು ವಿಚಾರಣೆಯ ಸಾಹೇಬರು. ಗುಮಾಸ್ತ ಬರೆದುಕೊಂಡ. ಜಟ್ಟಪ್ಪ ಹೆಬ್ಬೆಟ್ಟು ಒತ್ತಿದ.

"ಅಣ್ಣ ಹೇಳಿದ್ದು ಖರೆ, ಸಾಹೇಬ್ರೆ," ಎಂದ ಬೊಮ್ಮಯ್ಯ. "ನಾ ಅಲ್ಲೇ ನಿಂತು ನೋಡಿದ್ದೆ. ಒಂದು ಗೇಣೂ ಬಿಡ್ಲಿಲ್ಲ."

ವೈರಿಯ ಬಾಯಲ್ಲಿ ಇಂಥ ಮಾತೇ? ಜಟ್ಟಪ್ಪನಿಗೆ ನಂಬಲಾಗಲಿಲ್ಲ.

ಗುರುಪ್ರಸಾದ ಸುರುಳಿ ಬಿಚ್ಚಿದ. ಗುಡ್ಡವೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು.

"ಜೀವ ಇರುವ ಎಲೆ ಈ ಫೋಟೋದಲ್ಲಿ ಕೆಂಪಾಗಿ ಕಾಣುತ್ತದೆ," ಎಂದ. "ಕಡಿದು ನಾಲ್ಕು ದಿನವಾದ ಎಲೆ ಬೂದು. ಇಲ್ಲಿ ನೋಡಿ, ಕಾಡಿನ ನಡುವೆ ಬೂದು ತೇಪೆ. ಕಾಡಿನಲ್ಲಿ ಎಲೆ ಹೀಗೆ ಚೌಕಾಕಾರವಾಗಿ ಸಾಯುವುದಿಲ್ಲ. ಇಲ್ಲಿ ಇವರ ಗದ್ದೆ ಇತ್ತು."

ಗದ್ದೆ ಉಳಿಯಿತು! ಜಟ್ಟಪ್ಪನ ಕಣ್ಣಲ್ಲಿ ನೀರು ಬಂತು. ಆ ಹಿಗ್ಗಿನಲ್ಲೇ ಬೊಮ್ಮಯ್ಯನ ಕಡೆ ತಿರುಗಿ ಎದೆ ಸೆಟೆಸಿದ. "ಹಂಗೇ ಒರತೆ ಯಾರ್ದು ಅಂತಲೂ ತೋರ್ಸಿ, ಸಾಹೇಬ್ರೆ!"

ಗುರುಪ್ರಸಾದನ ಬೆರಳು ಬೂದು ತೇಪೆಯ ಮೇಲೆ ಕೆಳಗೆ ಕೆಳಗೆ ಜಾರಿ, ಒರತೆಗೆ ಇನ್ನೂ ಎಂಟು ಮಾರು ಇರುವಾಗಲೇ, ಹಗ್ಗ ಕಟ್ಟಿ ಎಳೆದಂಥ ಅದರ ಅಂಚಿನಲ್ಲಿ ನಿಂತುಬಿಟ್ಟಿತು.